ಹ್ಯಾನಾ ಎಚ್‌ಐ702 ತಾಮ್ರಮಾಪಕ: ಮೂವತ್ತು ದಿನಗಳ ಬಳಕೆಯ ನಂತರ

ನಮ್ಮ ಉಪ್ಪುನೀರಿನ ತೊಟ್ಟಿಯ ನೀಲಿ ಟ್ಯಾಂಗ್ ಮೀನಿನ ಈಜುರೆಕ್ಕೆಗಳ ಮೇಲೆ ಚಿರೋಟಿ ರವೆ ಉದುರಿದಂತೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡ ರಾತ್ರಿಯೇ, ನೀರಿನಲ್ಲಿ ತಾಮ್ರ ಎಷ್ಟಿದೆಯೆಂದು ತೋರಿಸುವ ಈ ಮಾಪಕವನ್ನು ತರಿಸಿದೆ. ಎರಡು ವರ್ಷಗಳ ಹಿಂದೆ ಇದೇ ರೋಗಕ್ಕೆ ಒಂದು ಜೋಡಿ ಕ್ಲೌನ್ ಮೀನುಗಳನ್ನು ಕಳೆದುಕೊಂಡಿದ್ದೆ. ಆಗ ನನ್ನ ಬಳಿ ಇದ್ದದ್ದು ಬಣ್ಣದ ಪಟ್ಟಿಗೆ ಹೋಲಿಸಿ ನೋಡುವ ಹನಿ ಪರೀಕ್ಷೆಯ ಕಿಟ್. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಲೀಟರಿಗೆ 0.25 ಮಿಲಿಗ್ರಾಂ ತಾಮ್ರದ ಬಣ್ಣಕ್ಕೂ 0.5ರ ಬಣ್ಣಕ್ಕೂ ಇರುವ ವ್ಯತ್ಯಾಸ ನನಗೂ ತಿಳಿಯಲಿಲ್ಲ, ಹೆಂಡತಿಗೂ ತಿಳಿಯಲಿಲ್ಲ.

ಈ ಬಿಳಿಚುಕ್ಕೆ ರೋಗಕ್ಕೆ ಮದ್ದು ನೀರಿಗೆ ಬೆರೆಸುವ ತಾಮ್ರ. ಆದರೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ ಜೀವಿ ಮೀನಿನ ಚರ್ಮದೊಳಗೆ ಇರುವಾಗ ತಾಮ್ರ ಅದನ್ನು ಮುಟ್ಟುವುದಿಲ್ಲ. ತಳದಲ್ಲಿ ಕೋಶ ಕಟ್ಟಿಕೊಂಡು ಕುಳಿತಾಗಲೂ ಮುಟ್ಟುವುದಿಲ್ಲ. ಕೋಶ ಒಡೆದು ಮರಿಗಳು ಹೊಸ ಮೀನನ್ನು ಹುಡುಕಿಕೊಂಡು ಈಜುವ ಆ ಕೆಲವು ಗಂಟೆಗಳಲ್ಲಿ ಮಾತ್ರ ಅವು ಸಾಯುತ್ತವೆ. ಕೋಶಗಳೆಲ್ಲ ಒಂದೇ ದಿನ ಒಡೆಯುವುದಿಲ್ಲ. ಹಾಗಾಗಿ ತಾಮ್ರದ ಮಟ್ಟ ಒಂದು ದಿನವೂ ಕುಸಿಯಬಾರದು. ಏರಿದರೆ ಮೀನೇ ಸಾಯುತ್ತದೆ.

ನಾನು ಹಾಕಿದ ತಾಮ್ರದ ಔಷಧ ಸೀಕೆಮ್ ಕಂಪನಿಯ ಕ್ಯುಪ್ರಮೈನ್. ಗುರಿ ಲೀಟರಿಗೆ 0.5 ಮಿಲಿಗ್ರಾಂ. ರೋಗದ ಮೀನನ್ನು ಬೇರೆಯಾಗಿ ಇಡುವ ಕ್ವಾರಂಟೈನ್ ತೊಟ್ಟಿಯಲ್ಲಿ ನಿಜವಾಗಿ ಹಿಡಿದ ನೀರು 72 ಲೀಟರ್. ಮೊದಲು 1.8 ಮಿಲಿಲೀಟರ್ ಹಾಕಿ, 48 ಗಂಟೆ ಬಿಟ್ಟು ಮತ್ತೆ ಅಷ್ಟೇ ಹಾಕಿದೆ. ಮಾಪಕದ ಗಾಜಿನ ಕುಪ್ಪಿಗೆ 10 ಮಿಲಿಲೀಟರ್ ತೊಟ್ಟಿಯ ನೀರು ತುಂಬಿ ಮೊದಲು ಶೂನ್ಯಕ್ಕೆ ಹೊಂದಿಸಬೇಕು. ಬಳಿಕ ಒಂದು ಪೊಟ್ಟಣ ಪುಡಿ ಹಾಕಿ ಕುಲುಕಬೇಕು. ನೀರು ನೇರಳೆಗೆ ತಿರುಗುತ್ತದೆ, ಪರದೆಯ ಮೇಲೆ ಸಂಖ್ಯೆ ಬರುತ್ತದೆ. ಕುಪ್ಪಿಯ ಹೊರಮೈಯಲ್ಲಿ ಬೆರಳಿನ ಗುರುತು ಉಳಿದರೂ, ಒಳಗೆ ಗುಳ್ಳೆ ನಿಂತರೂ ಲೆಕ್ಕ ತಪ್ಪುತ್ತದೆ. ಹಳೆಯ ಹತ್ತಿಬಟ್ಟೆಯೊಂದನ್ನು ಇದಕ್ಕೆಂದೇ ಇಟ್ಟಿದ್ದೇನೆ.

ಒಂಬತ್ತನೆಯ ದಿನ ಈ ಯಂತ್ರ ಬೆಲೆಗೆ ತಕ್ಕ ಕೆಲಸ ಮಾಡಿತು. ಹಿಂದಿನ ಸಂಜೆ 0.49 ಇದ್ದದ್ದು ಅಂದು 0.36 ತೋರಿಸಿತು. ಕುಪ್ಪಿ ತೊಳೆದು ಮತ್ತೆ ನೋಡಿದರೂ 0.36. ಆಮೇಲೆ ಹೊಳೆಯಿತು: ಮೀನು ಬೆದರಿ ಮೂಲೆ ಸೇರುತ್ತಿದೆಯೆಂದು, ಮರೆಗಾಗಿ ಒಣ ಹವಳದ ಕಲ್ಲೊಂದನ್ನು ನಾನೇ ಒಳಗಿಟ್ಟಿದ್ದೆ. ಸುಣ್ಣದ ಕಲ್ಲು ತಾಮ್ರವನ್ನು ಹೀರುತ್ತದೆ. ಕಲ್ಲು ತೆಗೆದು ಪಿವಿಸಿ ಪೈಪಿನ ತುಂಡು ಇಟ್ಟೆ, ಒಂದು ಮಿಲಿಲೀಟರ್ ಔಷಧ ಸೇರಿಸಿದೆ. ಮರುದಿನ 0.50. ಆ ಕುಸಿತ ಹಳೆಯ ಬಣ್ಣದ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಖಂಡಿತ ಕಾಣುತ್ತಿರಲಿಲ್ಲ. ಕ್ಲೌನ್ ಜೋಡಿಯ ನೆನಪಾಗಿ ಬಹಳ ಹೊತ್ತು ತೊಟ್ಟಿಯ ಮುಂದೆಯೇ ಕುಳಿತಿದ್ದೆ.

ಎರಡು ದಶಾಂಶ ಕಂಡೊಡನೆ ಪೂರ್ತಿ ನಂಬಬೇಡಿ. ತಯಾರಕರು ಹೇಳುವ ನಿಖರತೆ ±0.05, ಜೊತೆಗೆ ಅಳತೆಯ ಶೇಕಡಾ 5. ಅಂದರೆ 0.47ಕ್ಕೂ 0.51ಕ್ಕೂ ನಡುವೆ ಓಡಾಡುವ ಸಂಖ್ಯೆಗೆ ಔಷಧ ಸುರಿಯಬಾರದು; ಎರಡನೆಯ ಪರೀಕ್ಷೆಯಲ್ಲೂ ಸ್ಪಷ್ಟವಾಗಿ ಇಳಿದಿದ್ದರೆ ಮಾತ್ರ ಸೇರಿಸಿ. ಮಾಪಕ 5.00ರವರೆಗೆ ಓದುವುದರಿಂದ 2.5ರ ಮಟ್ಟದಲ್ಲಿ ಬಳಸುವ ಕಾಪರ್ ಪವರ್ ಎಂಬ ಇನ್ನೊಂದು ತಾಮ್ರದ ಔಷಧಕ್ಕೂ ಇದು ಸಾಕು. ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷವಾದ ಅಮೋನಿಯಾ ಎಷ್ಟಿದೆಯೆಂದು ತಿಳಿಸುವುದು ಇದರ ಕೆಲಸವಲ್ಲ, ಅದಕ್ಕೆ ಬೇರೆ ಕಿಟ್ ಬೇಕು. ಅಮೋನಿಯಾ ಕುಗ್ಗಿಸುವ ದ್ರಾವಣವನ್ನು ಕ್ಯುಪ್ರಮೈನ್ ಇರುವ ನೀರಿಗೆ ಹಾಕುವಂತಿಲ್ಲವಾದ್ದರಿಂದ ನಾನು ನೀರನ್ನೇ ಬದಲಿಸುತ್ತಿದ್ದೆ: 14 ಲೀಟರ್ ಹೊಸ ಉಪ್ಪುನೀರಿಗೆ 0.7 ಮಿಲಿಲೀಟರ್ ಔಷಧ ಬೆರೆಸಿಯೇ ಸುರಿಯುವುದು.

ಮೊದಲ ಹತ್ತು ದಿನ ಪ್ರತಿದಿನ, ಆಮೇಲೆ ದಿನ ಬಿಟ್ಟು ದಿನ ಅಳೆದೆ. 25 ಪೊಟ್ಟಣಗಳ ಪೆಟ್ಟಿಗೆ ಒಂದೇ ಸಾಕಾಯಿತು. ಸಂಜೆಯ ಸಂಖ್ಯೆಯನ್ನು ಮಗಳು ತನ್ನ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದಳು. ಈಗ ಇದ್ದಿಲು ಹಾಕಿ ತಾಮ್ರ ತೆಗೆದಾಗಿದೆ, ನಿನ್ನೆಯ ಅಳತೆ 0.00. ಪರಾವಲಂಬಿ ಆಸರೆಯಿಲ್ಲದೆ ಸಾಯಲೆಂದು ದೊಡ್ಡ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡಬೇಕಾದ್ದರಿಂದ ಟ್ಯಾಂಗ್ ಇನ್ನೂ ಪೈಪಿನ ಮನೆಯಲ್ಲೇ ಇದೆ. ಇವತ್ತು ಬೆಳಿಗ್ಗೆ ಮಗಳ ಬೆರಳಿನಿಂದಲೇ ನೋರಿ (ಒಣಗಿಸಿದ ಕಡಲಪಾಚಿ) ಎಲೆ ಕಿತ್ತುಕೊಂಡು ತಿಂದಿತು.