ಬಾಡಿಗೆ ಟೆಂಟ್ ಕಿಟ್: ತುಮಕೂರು ಸೀಮೆಯ ಬೆಟ್ಟಗಳಲ್ಲಿ, ಎರಡು ರಾತ್ರಿಯ ಮಳೆಯಲ್ಲಿ

ತುಮಕೂರು, ಕೊರಟಗೆರೆ, ಮಧುಗಿರಿ ಕಡೆ ಬೆಟ್ಟ ಹತ್ತಲು ಬರುವವರು ಶನಿವಾರ, ಭಾನುವಾರದ ಮಟ್ಟಿಗೆ ಬಾಡಿಗೆಗೆ ತರುವ ಕಿಟ್ ಇದು. ಇಬ್ಬರಿಗೆ ಒಂದು ಡೋಮ್ ಟೆಂಟ್, ಎರಡು ಫೋಮ್ ಚಾಪೆ, ಎರಡು ಸ್ಲೀಪಿಂಗ್ ಬ್ಯಾಗ್, ಒಂದು ಗ್ಯಾಸ್ ಸ್ಟೌವ್, ಎರಡು ಪೊಂಚೊ (ತಲೆ ತೂರಿಸಿ ಹಾಕಿಕೊಳ್ಳುವ, ತೋಳಿಲ್ಲದ ಮಳೆಹೊದಿಕೆ). ಹೆಚ್ಚುಕಡಿಮೆ ಇದೇ ಸಾಮಾನನ್ನು ಎಲ್ಲ ಅಂಗಡಿಯವರೂ ಕೊಡುತ್ತಾರೆ, ಚೀಲದ ಮೇಲಿನ ಹೆಸರು ಬೇರೆ ಅಷ್ಟೇ. ಮೊದಲೇ ಹೇಳಿಬಿಡುವುದಾದರೆ ಟೆಂಟ್ ಚೆನ್ನಾಗಿದೆ, ಅದರ ಜೊತೆ ಕೊಡುವ ಗೂಟಗಳು ಕೆಲಸಕ್ಕೆ ಬರುವುದಿಲ್ಲ, ಪೊಂಚೊ ಬೇಡವೇ ಬೇಡ.

ಮಲೆನಾಡಿನ ಮಳೆಯೇ ಬೇರೆ, ನಮ್ಮ ಬಯಲುಸೀಮೆಯ ಮಳೆಯೇ ಬೇರೆ. ಹಸ್ತ, ಚಿತ್ತೆ ಮಳೆಯ ಹೊತ್ತಿಗೆ ಮಧ್ಯಾಹ್ನವೆಲ್ಲ ಧಗೆ, ಸಂಜೆ ಗುಡುಗು, ಆಮೇಲೆ ಒಂದು ಗಂಟೆ ಗಾಳಿಯ ಸಮೇತ ಅಡ್ಡಮಳೆ. ಇಲ್ಲಿ ಟೆಂಟ್ ತಡೆಯಬೇಕಾದದ್ದು ದಿನವಿಡೀ ಜಿನುಗುವ ನೀರನ್ನಲ್ಲ, ಪಕ್ಕದಿಂದ ಹೊಡೆಯುವ ಎರಚಲನ್ನು. ಹಾಗಾಗಿ ಅಂಗಡಿಯಲ್ಲಿ ಟೆಂಟ್ ಬಿಚ್ಚಿಸಿ ಮೊದಲು ನೋಡಬೇಕಾದದ್ದು ಹೊರಬಟ್ಟೆಯ, ಅಂದರೆ ಒಳಬಟ್ಟೆಯ ಮೇಲೆ ಮಳೆ ತಡೆಯಲು ಹೊದಿಸುವ ಬಟ್ಟೆಯ, ಉದ್ದ. ಅಗ್ಗದ ಟೆಂಟುಗಳಲ್ಲಿ ಹೊರಬಟ್ಟೆ ತಲೆಗೆ ಟೋಪಿ ಇಟ್ಟಂತೆ ಅರ್ಧಕ್ಕೇ ನಿಲ್ಲುತ್ತದೆ. ಎರಚಲು ನೇರವಾಗಿ ಒಳಬಟ್ಟೆಗೆ ಹೊಡೆದು ಹತ್ತೇ ನಿಮಿಷದಲ್ಲಿ ಚಾಪೆ ಒದ್ದೆ. ಈ ಕಿಟ್ಟಿನ ಟೆಂಟಿನಲ್ಲಿ ಹೊರಬಟ್ಟೆ ನಾಲ್ಕೂ ಕಡೆ ನೆಲದಿಂದ ಒಂದು ಗೇಣಿನೊಳಗೆ ಇಳಿಯುತ್ತದೆ. ಇದಕ್ಕೆ ಪೂರ್ತಿ ಅಂಕ.

ತಳ 205 ಸೆಂಟಿಮೀಟರ್ ಉದ್ದ, 145 ಅಗಲ. ತೂಕ ಚೀಲ ಸೇರಿ 2.7 ಕಿಲೋ. ಇಬ್ಬರು ಮಲಗಿದರೆ ತಲಾ ಎರಡೂಕಾಲು ಅಡಿಗಿಂತ ತುಸು ಹೆಚ್ಚು ಅಗಲ ಸಿಗುತ್ತದೆ, ಬ್ಯಾಗ್‌ಗಳಿಗೆ ಜಾಗವಿಲ್ಲ. ಹೊರಬಟ್ಟೆಯ ಚೀಟಿಯಲ್ಲಿ 2000 ಎಂ.ಎಂ. ಎಂದಿದೆ. ಎರಡು ಮೀಟರ್ ಎತ್ತರದ ನೀರಿನ ಭಾರವನ್ನು ಬಟ್ಟೆ ತಡೆಯುತ್ತದೆ ಎಂದು ಇದರ ಅರ್ಥ. ಸುರಿಯುವ ಮಳೆಗೆ ಇಷ್ಟು ಧಾರಾಳ ಸಾಕು. ಸೋರುವುದು ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ. ಬಾಡಿಗೆ ಟೆಂಟುಗಳನ್ನು ಒದ್ದೆಯಾಗಿಯೇ ಮಡಚಿಡುವುದರಿಂದ ಹೊಲಿಗೆಯ ಮೇಲಿನ ಟೇಪ್ ಎದ್ದು ಬಂದಿರುತ್ತದೆ. ಹೊರಬಟ್ಟೆಯನ್ನು ತಿರುವಿ, ಪ್ರತಿ ಹೊಲಿಗೆಯ ಮೇಲೂ ಹೆಬ್ಬೆರಳು ಎಳೆದುಕೊಂಡು ಹೋಗಿ. ಟೇಪ್ ಸುಲಿದು ಬಂದರೆ, ಬಟ್ಟೆ ಕೈಗೆ ಅಂಟಂಟಾಗಿ ಮುಗ್ಗಲು ವಾಸನೆ ಹೊಡೆದರೆ ಬೇರೆ ಟೆಂಟ್ ಕೇಳಿ. ಬಟ್ಟೆಯ ಒಳಮೈಗೆ ಬಳಿದ, ನೀರು ತಡೆಯುವ ಲೇಪ ಹಾಗೆ ಅಂಟಾದ ಮೇಲೆ ರಿಪೇರಿ ಎಂಬುದಿಲ್ಲ.

ಬೆಳಿಗ್ಗೆ ಎದ್ದಾಗ ಒಳಗೆಲ್ಲ ಹನಿ ಕಂಡರೆ ಸೋರಿದೆ ಎಂದು ಅಂಗಡಿಯವರ ಮೇಲೆ ರೇಗುವ ಮುಂಚೆ ಒಂದು ಪರೀಕ್ಷೆ ಮಾಡಿ. ಹನಿಗಳು ಹೊಲಿಗೆಯ ಗೆರೆ ಹಿಡಿದು ಸಾಲಾಗಿದ್ದರೆ ಅದು ಸೋರಿಕೆ. ಹೊರಬಟ್ಟೆಯ ಒಳಮೈಯೆಲ್ಲ ಒಂದೇ ಸಮ ಬೆವರಿದಂತಿದ್ದರೆ ಅದು ನಿಮ್ಮದೇ ಉಸಿರಿನ ತೇವ. ಮಳೆಗೆ ಹೆದರಿ ಎಲ್ಲ ಜಿಪ್ಪೂ ಮುಚ್ಚಿ ಮಲಗಿದಾಗ ಹೀಗಾಗುತ್ತದೆ. ಗಾಳಿ ಬೀಸುವ ದಿಕ್ಕಿಗೆ ಬೆನ್ನಾಗಿರುವ ಕಡೆ ಜಿಪ್ಪನ್ನು ಮೇಲಿನಿಂದ ಒಂದು ಗೇಣು ಬಿಟ್ಟು ಮಲಗಿದರೆ ಅರ್ಧಕ್ಕರ್ಧ ಕಡಿಮೆ. ಸೊಳ್ಳೆಪರದೆ ಮಾತ್ರ ಪೂರ್ತಿ ಮುಚ್ಚಿರಲಿ, ಮಳೆಗಾಲದಲ್ಲಿ ಚೇಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತದೆ.

ಇನ್ನು ಗೂಟಗಳು. ಕೊಡುವುದು ಏಳಿಂಚಿನ ಸಣ್ಣ ತಂತಿ, ಎಂಟು. ನಮ್ಮ ಬೆಟ್ಟಗಳ ಬುಡದಲ್ಲಿ ನಾಲ್ಕು ಬೆರಳು ಕೆಮ್ಮಣ್ಣು, ಅದರ ಕೆಳಗೆ ಗೊರಚು. ಒಣಗಿದ್ದಾಗ ತಂತಿ ಒಳಗಿಳಿಯದೆ ಬಗ್ಗುತ್ತದೆ, ಮಳೆ ಬಿದ್ದ ಮೇಲೆ ಬೆಣ್ಣೆಯಿಂದ ಬಂದಂತೆ ಕಿತ್ತು ಬರುತ್ತದೆ. ಯಾವುದಾದರೂ ವೆಲ್ಡಿಂಗ್ ಅಂಗಡಿಯಲ್ಲಿ 8 ಎಂ.ಎಂ. ಕಂಬಿಯನ್ನು ಹತ್ತಿಂಚಿನಂತೆ ಕತ್ತರಿಸಿ, ಒಂದು ತುದಿ ಚೂಪು ಮಾಡಿ, ಇನ್ನೊಂದು ತುದಿ ಬಗ್ಗಿಸಿಕೊಂಡು ಬನ್ನಿ. ಆರು ಕಂಬಿಗೆ ಮುಕ್ಕಾಲು ಕಿಲೋದೊಳಗೆ ತೂಕ, ಹೊರುವುದಕ್ಕೆ ಲಾಯಕ್ಕು.

ಬಂಡೆಯ ಮೇಲಾದರೆ ಕಂಬಿಯೂ ನಡೆಯದು. ಅಲ್ಲಿ ಹಗ್ಗವನ್ನು ಕಲ್ಲಿಗೇ ಸುತ್ತಿ ಕಟ್ಟುತ್ತಾರೆ. ಗಾಳಿಗೆ ಹಗ್ಗ ಕಲ್ಲಿನ ಅಂಚಿಗೆ ಉಜ್ಜಿ ಉಜ್ಜಿ ನಡುರಾತ್ರಿ ಹರಿಯುತ್ತದೆ. ಹಗ್ಗದ ತುದಿಗೆ ಒಂದು ಗಂಟಿನ ಕುಣಿಕೆ ಮಾಡಿ, ಅದರಲ್ಲಿ ಹೆಬ್ಬೆರಳು ದಪ್ಪದ, ಮೊಳದುದ್ದದ ಒಣ ಕಡ್ಡಿ ತೂರಿಸಿ ನೆಲಕ್ಕೆ ಮಲಗಿಸಿ. ಕಡ್ಡಿಯ ಎರಡೂ ತುದಿಗಳ ಮುಂದೆ, ಟೆಂಟಿನ ಕಡೆಗೆ, ಎರಡು ಕೈಯಲ್ಲಿ ಎತ್ತಬೇಕಾದಷ್ಟು ತೂಕದ ಕಲ್ಲು ಒಂದೊಂದು ಇಡಿ. ಹಗ್ಗ ಎರಡು ಕಲ್ಲುಗಳ ಸಂದಿಯಲ್ಲಿ ಹಾಯುತ್ತದೆ, ಎಳೆತವೆಲ್ಲ ಕಡ್ಡಿಯ ಮೇಲೆ ಬೀಳುತ್ತದೆ, ಅಂಚಿಗೆ ಉಜ್ಜುವುದಿಲ್ಲ. ಕಿಟ್ಟಿನ ನೈಲಾನ್ ಹಗ್ಗ ನೆಂದರೆ ಸಡಿಲವಾಗುತ್ತದೆ, ಮಲಗುವ ಮುಂಚೆ ಮತ್ತೊಮ್ಮೆ ಬಿಗಿಯಬೇಕು.

ಟೆಂಟಿನ ಅಡಿಗೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ ಕೊಡುತ್ತಾರೆ, ಅದು ಟೆಂಟಿಗಿಂತ ದೊಡ್ಡದು. ಹಾಗೇ ಹಾಸಿದರೆ ಹೊರಗೆ ಚಾಚಿಕೊಂಡ ಅಂಚು ಮಳೆನೀರು ಹಿಡಿದು ನಿಮ್ಮ ಬೆನ್ನಡಿಗೇ ತರುತ್ತದೆ. ಎಲ್ಲ ಕಡೆ ನಾಲ್ಕು ಬೆರಳು ಒಳಗಿರುವಂತೆ ಕೆಳಮುಖವಾಗಿ ಮಡಚಿ.

ಜಾಗದ ವಿಷಯದಲ್ಲಿ ಒಂದು ಮಾತು ಕಡ್ಡಾಯ. ದೇವರಾಯನದುರ್ಗದ ಕಾಡಿನಲ್ಲಿ ಚಿರತೆ, ಕರಡಿ ಇವೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ರಾತ್ರಿ ಉಳಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಮಧುಗಿರಿಯಂಥ ಕೋಟೆ ಬೆಟ್ಟದ ಮೇಲೆ ಟೆಂಟ್ ಹಾಕುವ ಯೋಚನೆಯೇ ಬೇಡ, ಆ ಬೋಳು ಬಂಡೆಯ ನೆತ್ತಿಯಲ್ಲಿ ಸಿಡಿಲಿಗೆ ನೀವೇ ಎತ್ತರದ ವಸ್ತು. ಚಿಕ್ಕಬಳ್ಳಾಪುರದ ಸ್ಕಂದಗಿರಿಗೆ ಆನ್‌ಲೈನ್ ಟಿಕೆಟ್ ಇಲ್ಲದೆ ಹತ್ತಲೂ ಬಿಡುವುದಿಲ್ಲ. ಹಗಲು ಬೆಟ್ಟ ಹತ್ತಿ ಇಳಿದು, ಬುಡದ ಹಳ್ಳಿಯಲ್ಲಿ ಹೊಲದವರನ್ನು ಕೇಳಿಕೊಂಡು ಅವರ ಬದುವಿನ ಪಕ್ಕ ಟೆಂಟ್ ಹಾಕುವುದೇ ಸರಿ. ತೆಂಗಿನ ಮರದ ಕೆಳಗೆ ಬೇಡ. ಹಳ್ಳದ ಪಾತ್ರದಲ್ಲಿ ಮರಳು ಮೆತ್ತಗಿದೆ ಎಂದು ಆಸೆ ಪಡಬೇಡಿ. ಬಂಡೆಯ ಬುಡದಲ್ಲಾದರೆ ತಲೆಯೆತ್ತಿ ನೋಡಿ. ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟೆಗಳು ಇಳಿದಿರುತ್ತವಲ್ಲ, ಅವೇ ನೀರಿನ ದಾರಿ. ಮಳೆ ನಿಂತ ಮೇಲೂ ಅಲ್ಲಿ ನೀರು ಇಳಿಯುತ್ತಲೇ ಇರುತ್ತದೆ. ಹತ್ತುವಾಗಲೂ ಆ ಪಟ್ಟೆ ತುಳಿಯಬೇಡಿ, ಒದ್ದೆ ಪಾಚಿಯ ಮೇಲೆ ಎಂಥ ಶೂ ಆದರೂ ಜಾರುತ್ತದೆ.

ಪೊಂಚೊ ಯಾಕೆ ಬೇಡ ಎಂದರೆ, ಕೈಯೂರಿ ಬಂಡೆ ಹತ್ತುವಾಗ ಅದರ ಮುಂಭಾಗ ಜೋತು ಬಿದ್ದು ಕಾಲಿಡುವ ಜಾಗವೇ ಕಾಣುವುದಿಲ್ಲ, ಗಾಳಿ ಬಂದರೆ ಮುಖಕ್ಕೆ ಮಗುಚುತ್ತದೆ. ಸಾದಾ ಮಳೆಕೋಟೇ ವಾಸಿ. ಬ್ಯಾಗಿನ ಒಳಗೆ ಗೊಬ್ಬರದ ಚೀಲದಷ್ಟು ದಪ್ಪದ ಪ್ಲಾಸ್ಟಿಕ್ ಚೀಲ ಹಾಕಿ, ಬಟ್ಟೆಯನ್ನು ಅದರೊಳಗೆ ತುಂಬಿ ಬಾಯಿ ಕಟ್ಟಿ. ಬ್ಯಾಗಿನ ಮೇಲುಹೊದಿಕೆ ಎಷ್ಟೇ ಚೆನ್ನಾಗಿದ್ದರೂ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ.

ಸ್ಲೀಪಿಂಗ್ ಬ್ಯಾಗ್ ಪರವಾಗಿಲ್ಲ, ಆದರೆ ಎಷ್ಟು ಜನ ಬಳಸಿರುತ್ತಾರೋ, ಒಳಗೆ ಒಂದು ಪಂಚೆಯನ್ನು ಚೀಲದಂತೆ ಹೊಲಿಸಿಕೊಂಡು ಹಾಕಿಕೊಳ್ಳಿ. ಮನೆಯಲ್ಲಿ ಕುರಿ ಉಣ್ಣೆಯ ಕಂಬಳಿ ಇದ್ದರೆ ಅದನ್ನೇ ತನ್ನಿ, ನೆಂದರೂ ಬೆಚ್ಚಗಿಡುತ್ತದೆ. ಸ್ಟೌವ್ ಚೆನ್ನಾಗಿ ಉರಿಯುತ್ತದೆ. ಗಾಳಿಯಿಲ್ಲದ ಕಡೆ ಒಂದು ಲೀಟರ್ ನೀರು ಕುದಿಯಲು ಸುಮಾರು 15 ಗ್ರಾಂ ಗ್ಯಾಸ್ ಬೇಕು, ಹಾಗಾಗಿ 230 ಗ್ರಾಂ ಡಬ್ಬ ಇಬ್ಬರಿಗೆ ಎರಡು ದಿನ ಬಂದು ಮಿಗುತ್ತದೆ. ಮಳೆ ಎಂದು ಟೆಂಟಿನೊಳಗೆ ಮಾತ್ರ ಹಚ್ಚಬೇಡಿ. ಬಟ್ಟೆಗೆ ಬೆಂಕಿ ಹತ್ತುವುದು ಒಂದು ಭಯ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುವುದು ಅದಕ್ಕಿಂತ ದೊಡ್ಡ ಭಯ. ಜೋರು ಮಳೆಯಲ್ಲಿ ಹುರಿಹಿಟ್ಟಿಗೆ ಬೆಲ್ಲ, ನೀರು ಕಲಸಿಕೊಂಡರೆ ರಾತ್ರಿ ಊಟ ಆಯಿತು.

ವಾಪಸ್ ಕೊಡುವ ಮುಂಚೆ ಟೆಂಟನ್ನು ನೆರಳಿನಲ್ಲಿ ಹರವಿ ಪೂರ್ತಿ ಒಣಗಿಸಿ. ಟೆಂಟನ್ನು ಎತ್ತಿ ನಿಲ್ಲಿಸುವ ಫೈಬರ್ ಕಡ್ಡಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ಲೋಹದ ಬಳೆಯ ಹತ್ತಿರ ಬಿಳಿ ಸೀಳು ಕಂಡರೆ ಬರಿಗೈ ಸವರಬೇಡಿ, ಎಳೆ ಚರ್ಮದೊಳಗೆ ಮುರಿಯುತ್ತದೆ. ಆ ಸೀಳನ್ನು ತರುವಾಗಲೇ ಫೋಟೊ ತೆಗೆದಿಟ್ಟುಕೊಂಡಿದ್ದರೆ ಡಿಪಾಸಿಟ್ ದುಡ್ಡಿನ ತಕರಾರು ಬರುವುದಿಲ್ಲ.