ಡ್ರೀಮ್‌ಕಾಸ್ಟ್‌ಗೆ ಸುಳ್ಳು ಫೋನ್ ಲೈನ್: ಮೂರು ವರ್ಷ ಬಳಸಿದ ಮೇಲೆ

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಎರಡು ಕಡೆ ಫೋನ್ ಸಾಕೆಟ್, 9 ವೋಲ್ಟ್ ಬ್ಯಾಟರಿಯ ಕ್ಲಿಪ್, ಪಕ್ಕದಲ್ಲಿ ಅಡಾಪ್ಟರ್‌ಗೆ ಒಂದು ತೂತು. ಬಿಚ್ಚಿ ನೋಡಿದರೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೇ. ಹೆಸರು ಮಾತ್ರ ಭಾರಿ: ಲೈನ್ ವೋಲ್ಟೇಜ್ ಇಂಡ್ಯೂಸರ್, ಅಂದರೆ ಫೋನ್ ತಂತಿಗೆ ವೋಲ್ಟೇಜ್ ಕೊಡುವ ಡಬ್ಬಿ. ಮನೆಯಲ್ಲೇ ಕೂತು ಮಾಡಿ ಮಾರುವ ಒಬ್ಬರಿಂದ ತರಿಸಿದ್ದೆ.

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಹಳೇ ತಾಮ್ರದ ಫೋನ್ ಜಾಲವನ್ನು 2027ರ ಜನವರಿಗೆ ಮುಚ್ಚುತ್ತಿದ್ದಾರೆ, ನಮ್ಮನೆ ಗೋಡೆಯ ಸಾಕೆಟ್ ಆಗಲೇ ಸತ್ತಿದೆ. 1999ರ ಗೇಮ್ ಕನ್ಸೋಲ್ ಸೆಗಾ ಡ್ರೀಮ್‌ಕಾಸ್ಟ್‌ಗೆ ಇದೆಲ್ಲ ಯಾರು ಹೇಳಬೇಕು? ಅದರ 33.6ಕೆ ಮೋಡೆಮ್ ಇನ್ನೂ ಡಯಲ್ ಟೋನ್‌ಗೆ ಕಾಯುತ್ತಲೇ ಇದೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಡ್ರೀಮ್‌ಪೈ ಎಂಬ ಸಾಫ್ಟ್‌ವೇರ್ ಹಾಕಿ ಒಂದು ಯುಎಸ್‌ಬಿ ಮೋಡೆಮ್ ಸಿಕ್ಕಿಸಿದರೆ, ಅದು ಗುಂಯ್ ಅಂತ ಟೋನ್ ಕೊಟ್ಟು, ನೀವು ಯಾವ ನಂಬರ್ ಒತ್ತಿದರೂ ತಾನೇ ಫೋನ್ ಎತ್ತಿ ಇಂಟರ್ನೆಟ್‌ಗೆ ದಾಟಿಸುತ್ತದೆ. ಆದರೆ ನನ್ನ ಯುರೋಪ್ ಮಾದರಿಗೆ ಟೋನ್ ಒಂದೇ ಸಾಲದು, ತಂತಿಯಲ್ಲಿ ಕರೆಂಟೂ ಬೇಕು. ನಿಜವಾದ ಎಕ್ಸ್‌ಚೇಂಜ್ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ಫೋನ್ ಎತ್ತಿದಾಗ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಎರಡು ಮೋಡೆಮ್‌ಗಳನ್ನು ಸುಮ್ನೆ ತಂತಿಯಿಂದ ಕಟ್ಟಿದರೆ ಅದು ಎಲ್ಲಿಂದ ಬರುತ್ತದೆ? ಅದಕ್ಕೇ ಈ ಡಬ್ಬಿ.

ಬಂದ ದಿನ ಏನೂ ನಡೆಯಲಿಲ್ಲ. ಪ್ಲಸ್ ಮೈನಸ್ ಉಲ್ಟಾ ಆಗಿದೆ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಈ ಪೋಲಾರಿಟಿ ಹುಚ್ಚು ನನಗೆ ಊರಿನ ಒಂದು ರೂಪಾಯಿ ಕಾಯಿನ್ ಬೂತ್‌ನಿಂದ ಬಂದಿದ್ದು. ಆ ಕಡೆಯವರು ಫೋನ್ ಎತ್ತಿದಾಗ ಲೈನಿನ ಪೋಲಾರಿಟಿ ತಿರುಗುತ್ತಿತ್ತು, ಅದನ್ನು ನೋಡಿಯೇ ಬೂತಿನ ಫೋನ್ ಕಾಸು ಕೇಳುತ್ತಿತ್ತು. ಎರಡು ವಾರಾಂತ್ಯ ಕೆಂಪು ಹಸಿರು ತಂತಿಗಳನ್ನು ಅದಲುಬದಲು ಮಾಡಿದ್ದೇ ಮಾಡಿದ್ದು. ದಂಡ. ಮೋಡೆಮ್ ಒಳಗೆ ಬರುವಲ್ಲೇ ನಾಲ್ಕು ಡಯೋಡಿನ ಬ್ರಿಡ್ಜ್ ಇರುತ್ತದೆ, ಯಾವ ಕಡೆಯಿಂದ ಕೊಟ್ಟರೂ ಒಳಗೆ ಸರಿಯಾಗೇ ಹೋಗುತ್ತದೆ.

ಕೊನೆಗೆ ಮಲ್ಟಿಮೀಟರ್ ತೆಗೆದುಕೊಂಡು ಕೇಬಲ್ ತುದಿಯ ನಡುವಿನ ಎರಡು ಪಿನ್‌ಗೆ ಮುಟ್ಟಿಸಿದೆ. ಸೊನ್ನೆ. ಅದರ ಆಚೀಚೆ ಇರುವ ಎರಡು ಪಿನ್‌ಗೆ ಮುಟ್ಟಿಸಿದೆ, 9.2! ಬ್ರಿಟಿಷ್ ಪ್ಲಗ್‌ನ ಹಳೇ ಲೀಡ್‌ಗೆ ನಾನು ಹಾಕಿದ್ದ ಅಗ್ಗದ ಅಡಾಪ್ಟರ್ ಲೈನನ್ನು ಹೊರಗಿನ ಜೋಡಿಗೆ ಕೊಡುತ್ತಿತ್ತು, ಮೋಡೆಮ್ ಕೇಳುವುದೋ ನಡುವಿನ ಜೋಡಿ. ಮಾಮೂಲಿ ಆರ್‌ಜೆ11 ಫೋನ್ ಕೇಬಲ್ ಹಾಕಿದ ತಕ್ಷಣ ಕಿರ್ರ್ ಅಂತ ಹಾಡಿಕೊಂಡು ಕನೆಕ್ಟ್ ಆಯ್ತು. ಪಾಪ, ಮಾರಿದವರಿಗೆ ನಾನು ಕಳಿಸಿದ್ದ ಮೆಸೇಜ್ ನೆನೆದರೆ ಈಗಲೂ ನಾಚಿಕೆ.

ಡಬ್ಬಿಯದೇ ತಪ್ಪು ಅಂತ ಹೇಳುವುದಾದರೆ ಅದು ಬ್ಯಾಟರಿ. ಎರಡು ಮೋಡೆಮ್‌ನ ಬ್ರಿಡ್ಜ್‌ಗಳೇ ಸೇರಿ ಹತ್ತಿರ ಹತ್ತಿರ 2.8 ವೋಲ್ಟ್ ನುಂಗುತ್ತವೆ, ಉಳಿದಿದ್ದರಲ್ಲಿ ರೆಸಿಸ್ಟರ್ ಪಾಲೂ ಇದೆ. ಬ್ಯಾಟರಿ ಹೊಸದಿದ್ದಾಗ ಚೆನ್ನಾಗೇ ನಡೆಯುತ್ತದೆ, ಆದರೆ ಎಂಟಕ್ಕಿಂತ ಕೆಳಗೆ ಬಂದರೆ ಫ್ಯಾಂಟಸಿ ಸ್ಟಾರ್ ಆನ್‌ಲೈನ್ ಗೇಮಿನಲ್ಲಿ ಡ್ರ್ಯಾಗನ್ ಸಾಯುವ ಹೊತ್ತಿಗೆ ಸರಿಯಾಗಿ ಲೈನ್ ಕಟ್. ಒಮ್ಮೆ ಲಾಬಿಯಲ್ಲೇ ಬಿಟ್ಟು ಮಲಗಿಬಿಟ್ಟೆ, ಬೆಳಿಗ್ಗೆ ಬ್ಯಾಟರಿ ಖಾಲಿ. ಉಳಿದಿದೆಯೋ ಇಲ್ಲವೋ ತೋರಿಸಲು ಒಂದು ಎಲ್‌ಇಡಿಯಾದರೂ ಹಾಕಬಾರದಿತ್ತಾ?

ಈಗ 18 ವೋಲ್ಟ್ ಅಡಾಪ್ಟರ್ ಹಾಕಿದ್ದೇನೆ. ಮೊದಲು ಹಾಕಿದ ಅಗ್ಗದ್ದು ಲೈನಿನಲ್ಲಿ ಜುಮ್ ಅನ್ನುತ್ತಿತ್ತು, ಸ್ಪೀಡೂ ಬೀಳುತ್ತಿತ್ತು. ಒಳ್ಳೇದು ಹಾಕಿದ ಮೇಲೆ ಎರಡು ವರ್ಷದಿಂದ ಡಬ್ಬಿಯನ್ನು ಮುಟ್ಟಿಲ್ಲ. ಶನಿವಾರ ರಾತ್ರಿ ಕ್ವೇಕ್ 3, ಮಕ್ಕಳು ಎದ್ದಿದ್ದರೆ ಚುಚು ರಾಕೆಟ್. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದನ್ನು ಆ ಎಲ್‌ಇಡಿಗೆ ಹಿಡಿದಿಟ್ಟುಕೊಂಡಿದ್ದೇನೆ.

ಅಮೆರಿಕದ ಡ್ರೀಮ್‌ಕಾಸ್ಟ್ ಇರುವವರು ಮೊದಲು ಇದಿಲ್ಲದೇ ಪ್ರಯತ್ನಿಸಿ, ಹಲವರಿಗೆ ಹಾಗೇ ನಡೆದಿದೆ. ಊರಲ್ಲಿ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಇನ್ನೂ ಜೀವಂತವಾಗಿದ್ದರೆ ದಯವಿಟ್ಟು ಈ ಡಬ್ಬಿಯನ್ನು ಗೋಡೆಯ ಸಾಕೆಟ್‌ಗೆ ಸಿಕ್ಕಿಸಬೇಡಿ. ಅಲ್ಲಿ ಆಗಲೇ 48 ವೋಲ್ಟ್ ಇದೆ, ಯಾರಾದರೂ ಫೋನ್ ಮಾಡಿದರೆ ಅದರ ಮೇಲೆ ರಿಂಗಿನ ಎಸಿ ಬೇರೆ ಬರುತ್ತದೆ. ಡಬ್ಬಿ ಹೋದರೆ ಹೋಗಲಿ, ಡ್ರೀಮ್‌ಕಾಸ್ಟ್ ಮೋಡೆಮ್ ಸುಟ್ಟರೆ ಇನ್ನೊಂದು ಹುಡುಕುವುದು ಕಷ್ಟ.