ಶಾಲೆಗೆ ಎರಡು ಕೋಣೆ: ನಡುವೆ ಗೋಡೆಯೋ, ಮಡಚುವ ಬಾಗಿಲೋ?

ಊರಿನ ಪ್ರಾಥಮಿಕ ಶಾಲೆಗೆ ಎರಡು ಕೋಣೆ ಬೇಕು, ದುಡ್ಡು ಕಮ್ಮಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮೊದಲು ಬಣ್ಣದ ಮಾತೇ ಶುರುವಾಗುತ್ತದೆ ಅಲ್ವಾ? ಅದು ಬಿಡಿ, ನಡುಗೋಡೆ ನೋಡಿ.

ಇಟ್ಟಿಗೆ ಗೋಡೆ ಸದ್ದು ತಡೆಯುತ್ತದೆ, ರಿಪೇರಿ ಕೇಳುವುದಿಲ್ಲ, ಊರಿನ ಮೇಸ್ತ್ರಿಯೇ ಕಟ್ಟುತ್ತಾರೆ. ಆದರೆ ಆಡುತ್ತಾ ಕಲಿಯುವ ನಲಿಕಲಿ ಪದ್ಧತಿಯಲ್ಲಿ 1ರಿಂದ 3ನೇ ತರಗತಿ ಮಕ್ಕಳು ಒಟ್ಟಿಗೆ, ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಅವರಿಗೆ ಜಾಗ ಜಾಸ್ತಿ ಬೇಕು, ಮಕ್ಕಳ ಲೆಕ್ಕವೂ ವರ್ಷಕ್ಕೊಂದು ಥರ ಇರುತ್ತದೆ. ಮಡಚುವ ಮರದ ಬಾಗಿಲಿದ್ದರೆ ತೆಗೆದ ಕೂಡಲೇ ಊಟಕ್ಕೂ ಸಭೆಗೂ ಹಾಲ್ ಸಿಗುತ್ತದೆ. ಪಕ್ಕದ ಕೋಣೆಯ ಮಗ್ಗಿ ಇಲ್ಲಿಗೂ ಕೇಳುತ್ತದೆ, ಕೀಲು ಸಡಿಲವಾಗುತ್ತದೆ, ಅದೂ ನಿಜ.

ನಾನಾದರೆ ಮೂರನೇ ದಾರಿ ಹಿಡಿಯುತ್ತೇನೆ: ಚಾವಣಿಯ ಭಾರ ಹೊರಲು ಬೀಮ್ ಹಾಕಿಸಿ, ಕೆಳಗೆ ಭಾರ ಹೊರದ ತೆಳು ಗೋಡೆ ಕಟ್ಟಿಸುವುದು. ಬೇಕಾದಾಗ ಒಡೆಯಬಹುದು. ಇದನ್ನು ಎಂಜಿನಿಯರ್‌ಗೆ ನಕ್ಷೆ ಹಾಕುವಾಗಲೇ ಹೇಳಬೇಕು.

ಚಾವಣಿಗೆ ತಗಡು ಅಗ್ಗ, ಆದರೆ ಬೇಸಿಗೆಯಲ್ಲಿ ಸುಡುತ್ತದೆ, ಜೋರು ಮಳೆಯಲ್ಲಿ ಮೇಷ್ಟ್ರ ಮಾತು ಕೇಳುವುದೇ ಇಲ್ಲ. ಮಂಗಳೂರು ಹೆಂಚು ತಂಪು, ಆದರೆ ಮಂಗನ ಕಾಟ ಇರುವ ಊರಲ್ಲಿ ಬೇಡ. ಆರ್‌ಸಿಸಿಯೇ (ಕಂಬಿ ಹಾಕಿದ ಕಾಂಕ್ರೀಟ್) ಬೇಕೆಂದರೆ ಫಿಲ್ಲರ್ ಸ್ಲ್ಯಾಬ್ ಕೇಳಿ: ಸ್ಲ್ಯಾಬಿನ ಕೆಳಭಾಗದಲ್ಲಿ ಕಂಬಿಗಳ ನಡುವೆ ಹೆಂಚು ಇಡುತ್ತಾರೆ, ಕಾಂಕ್ರೀಟ್ ಕಮ್ಮಿ ಸಾಕು. ಗೊತ್ತಿರುವ ಮೇಸ್ತ್ರಿ ಸಿಗಬೇಕು ಅಷ್ಟೇ.

ಏನೇ ಕಟ್ಟಿದರೂ ಗಾಲಿಕುರ್ಚಿ ಹತ್ತುವ ಇಳಿಜಾರು, ಅಂದರೆ ರ‍್ಯಾಂಪ್ ಬಿಡಬೇಡಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅಡೆತಡೆಯಿಲ್ಲದ ದಾರಿ ಇರಲೇಬೇಕು.